ಡೀಪ್ ಪರ್ಪಲ್: ‘ಮಷೀನ್ ಹೆಡ್’ ಕೇಳಿ ಆಯಿತು, ಮುಂದೆ ಯಾವ ಆಲ್ಬಂ?

ಹೊಸಕಿವಿ:
ಎಲ್ಲರಿಗೂ ನಮಸ್ಕಾರ. ಬ್ರಿಟನ್ನಿನ ರಾಕ್ ಬ್ಯಾಂಡ್ ಡೀಪ್ ಪರ್ಪಲ್ ವಿಷಯದಲ್ಲಿ ಸ್ವಲ್ಪ ದಾರಿ ತೋರಿಸಿ. ಎಲ್ಲರ ಹಾಗೆ ನಾನೂ ‘ಸ್ಮೋಕ್ ಆನ್ ದ ವಾಟರ್’ ಹಾಡು ಹಿಡಿದುಕೊಂಡು ಬಂದವನು. ಆಮೇಲೆ ‘ಮಷೀನ್ ಹೆಡ್’ ಪೂರ್ತಿ ಕೇಳಿದೆ, ಎಷ್ಟು ಇಷ್ಟವಾಯಿತು ಅಂದರೆ ಬೇರೆ ಏನೂ ಕೇಳುವ ಮನಸ್ಸೇ ಬರಲಿಲ್ಲ. ಅದೇ ಜೋಶ್‌ನಲ್ಲಿ ಒಂದು ಹಿಟ್ಸ್ ಸಂಗ್ರಹ ಹಾಕಿಕೊಂಡೆ, ಗೊಂದಲ ಶುರುವಾಗಿದ್ದೇ ಅಲ್ಲಿ. ಒಂದು ಹಾಡಿನಲ್ಲಿ ಒಬ್ಬ ಹಾಡುತ್ತಾನೆ, ಮುಂದಿನದರಲ್ಲಿ ಇನ್ನೊಬ್ಬ, ಮತ್ತೊಂದರಲ್ಲಿ ಇಬ್ಬರೂ ಸೇರಿ ಹಾಡುತ್ತಾರೆ. ಗಿಟಾರ್ ಕೂಡ ಒಂದೇ ಕೈಯದ್ದು ಅನ್ನಿಸುವುದಿಲ್ಲ. ಪಟ್ಟಿ ನೋಡಿದರೆ 1968ರಿಂದ 2024ರವರೆಗೆ 23 ಸ್ಟುಡಿಯೋ ಆಲ್ಬಂ ಇವೆ. ಲೈವ್ ಆಲ್ಬಂಗಳಿಗೆ ಲೆಕ್ಕವೇ ಇಲ್ಲ. ಎಲ್ಲವನ್ನೂ ಬಿಡುಗಡೆಯಾದ ಸಾಲಿನಲ್ಲೇ ಕೇಳಬೇಕಾ, ಆರಿಸಿಕೊಂಡರೆ ಸಾಕಾ? ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುವುದು ಬೇಡ. ಯಾಕೆ ಕೇಳಬೇಕು ಅನ್ನೋದನ್ನು ಹೇಳಿ.

ಮಾರ್ಕ್‌ಎರಡು:
‘ಇನ್ ರಾಕ್’, ‘ಫೈರ್‌ಬಾಲ್’, ‘ಮೇಡ್ ಇನ್ ಜಪಾನ್’. ‘ಮಷೀನ್ ಹೆಡ್’ ಆಗಲೇ ಆಗಿದೆ. ಮುಗಿಯಿತು. ಉಳಿದದ್ದೆಲ್ಲ ಟೈಮ್ ಇದ್ದರೆ.

ಎಂಬತ್ನಾಲ್ಕು:
ಪ್ರತಿ ಸಲ ಇದೇ ಹೆಸರುಗಳು. ಐವತ್ತು ವರ್ಷಕ್ಕೂ ಜಾಸ್ತಿ ನುಡಿಸಿದ ಬ್ಯಾಂಡನ್ನು ಮೂರು ವರ್ಷಕ್ಕೆ ಮುಗಿಸಿಬಿಡುತ್ತೀರಲ್ಲ ಗುರುವೇ.

ಆರ್ಗನ್‌ಪ್ರೇಮಿ:
ಹೊಸಕಿವಿ ಅವರೇ, ಮೊದಲು ಆ ಹಿಟ್ಸ್ ಸಂಗ್ರಹ ಪಕ್ಕಕ್ಕಿಡಿ. ಈ ಬ್ಯಾಂಡಿಗೆ ಅದು ಹೊಂದುವುದೇ ಇಲ್ಲ. ಡೀಪ್ ಪರ್ಪಲ್ ಅನ್ನುವ ಒಂದೇ ಹೆಸರಿನಲ್ಲಿ ಹಲವು ಬ್ಯಾಂಡ್‌ಗಳಿವೆ. ಅದಕ್ಕೇ ಅಭಿಮಾನಿಗಳು ಮಾರ್ಕ್ 1, ಮಾರ್ಕ್ 2 ಅಂತ ನಂಬರ್ ಹಾಕಿ ಮಾತಾಡುವುದು. ಯಾರು ಯಾವಾಗ ಇದ್ದರು ಅಂತ ಗೊತ್ತಾದರೆ ನಿಮ್ಮ ಗೊಂದಲ ಮುಕ್ಕಾಲು ಪಾಲು ಹೋಗುತ್ತದೆ.

ಮಾರ್ಕ್ 1, 1968ರಿಂದ 69. ರಾಡ್ ಇವಾನ್ಸ್ ಹಾಡುಗಾರ, ನಿಕ್ ಸಿಂಪರ್ ಬೇಸ್ ಗಿಟಾರ್, ಜೊತೆಗೆ ಗಿಟಾರ್‌ನಲ್ಲಿ ರಿಚ್ಚಿ ಬ್ಲ್ಯಾಕ್‌ಮೋರ್, ಆರ್ಗನ್‌ನಲ್ಲಿ ಜಾನ್ ಲಾರ್ಡ್, ಡ್ರಮ್ಸ್‌ನಲ್ಲಿ ಇಯಾನ್ ಪೇಸ್. ಮಾರ್ಕ್ 2ರಲ್ಲಿ ಇಯಾನ್ ಗಿಲನ್ ಮತ್ತು ರಾಜರ್ ಗ್ಲೋವರ್ ಬಂದರು. ನೀವು ಕೇಳಿದ ‘ಮಷೀನ್ ಹೆಡ್’ ಇವರದ್ದು. 1973ರಲ್ಲಿ ಅವರಿಬ್ಬರೂ ಹೊರಟರು, ಡೇವಿಡ್ ಕವರ್‌ಡೇಲ್ ಮತ್ತು ಗ್ಲೆನ್ ಹ್ಯೂಸ್ ಬಂದರು, ಅದು ಮಾರ್ಕ್ 3. ನಿಮಗೆ ಇಬ್ಬರು ಹಾಡಿದ ಹಾಗೆ ಕೇಳಿಸಿದ್ದು ಇದೇ ತಂಡ. 1975ರಲ್ಲಿ ಬ್ಲ್ಯಾಕ್‌ಮೋರ್ ಹೊರಟು ರೇನ್‌ಬೋ ಅನ್ನುವ ಬ್ಯಾಂಡ್ ಕಟ್ಟಿದರು, ಅವರ ಜಾಗಕ್ಕೆ ಅಮೆರಿಕದ ಟಾಮಿ ಬೋಲಿನ್ ಬಂದರು. ಮಾರ್ಕ್ 4. 1976ರಲ್ಲಿ ಅಂಗಡಿ ಬಂದ್. 1984ರಲ್ಲಿ ಮಾರ್ಕ್ 2ರ ಐದೂ ಜನ ಮತ್ತೆ ಸೇರಿದರು. ಅಲ್ಲಿಂದ ಮುಂದಿನದು ಇನ್ನೊಂದು ದೊಡ್ಡ ಕಥೆ.

ಎಲ್ಲಾ 23 ಆಲ್ಬಂಗಳಲ್ಲೂ ಇರುವವರು ಒಬ್ಬರೇ, ಇಯಾನ್ ಪೇಸ್. ಆದರೂ ಈ ಬ್ಯಾಂಡಿನ ಗುರುತು ಅಂದರೆ ಗಿಟಾರ್ ಮತ್ತು ಹ್ಯಾಮಂಡ್ ಅನ್ನುವ ವಿದ್ಯುತ್ ಆರ್ಗನ್ ನಡುವಿನ ಜಗಳ. ಜಾನ್ ಲಾರ್ಡ್ ಹ್ಯಾಮಂಡನ್ನು ಮಾರ್ಷಲ್ ಗಿಟಾರ್ ಆಂಪ್ಲಿಫೈಯರ್‌ಗೆ ಜೋಡಿಸಿ ನುಡಿಸುತ್ತಿದ್ದರು. ‘ಇದು ಗಿಟಾರ್ ಇರಬೇಕು’ ಅಂತ ನೀವು ಅಂದುಕೊಂಡ ಎಷ್ಟೋ ಜಾಗದಲ್ಲಿ ಅದು ಆರ್ಗನ್. ‘ಮಷೀನ್ ಹೆಡ್’ನ ‘ಲೇಝಿ’ ಶುರುವಾಗುವ ಭಾಗವನ್ನು ಈಗ ಮತ್ತೊಮ್ಮೆ ಕೇಳಿ.

ರಿಫ್‌ರಾಣಿ:
ಆರ್ಗನ್‌ಪ್ರೇಮಿ ಸರ್ ಹೇಳಿದ್ದು ಸರಿ. ಆದರೆ ಸಾಲಾಗಿ ಕೇಳಿ ಅಂತ ಮಾತ್ರ ಹೇಳಬೇಡಿ. 1968ರಿಂದ ಶುರು ಮಾಡಿದರೆ ಹೊಸಬರು ಎರಡನೇ ಆಲ್ಬಂಗೇ ಕೈಬಿಡುತ್ತಾರೆ. ಮೊದಲ ಮೂರು ಆಲ್ಬಂನಲ್ಲಿ ಬೇರೆಯವರ ಹಾಡುಗಳೇ ಜಾಸ್ತಿ ಗಮನ ಸೆಳೆಯುತ್ತವೆ. ಅಮೆರಿಕದಲ್ಲಿ 4ನೇ ಸ್ಥಾನಕ್ಕೆ ಹೋದ ‘ಹಶ್’ ಕೂಡ ಜೋ ಸೌತ್ ಬರೆದದ್ದು.

ಆರ್ಗನ್‌ಪ್ರೇಮಿ:
‘ಏಪ್ರಿಲ್’ ಇದೆಯಲ್ಲ ಮೇಡಂ, ಮೂರನೇ ಆಲ್ಬಂನ ಕೊನೆಯಲ್ಲಿ. ಹನ್ನೆರಡು ನಿಮಿಷ. ನಡುವೆ ಲಾರ್ಡ್ ಬರೆದ ಪಿಟೀಲು, ಕೊಳಲಿನ ಭಾಗ ಬರುತ್ತದೆ. ಅದನ್ನು ಕೇಳದೆ ಲಾರ್ಡ್ ಏನು ಅಂತ ಅರ್ಥವಾಗುವುದಿಲ್ಲ.

ರಿಫ್‌ರಾಣಿ:
ಕೇಳಲಿ, ಕೊನೆಗೆ ಕೇಳಲಿ.

ಹಳೇತಟ್ಟೆ:
ಸಾಲು ಬೇಕೇ ಬೇಕು ಅಂದರೆ 1970ರಿಂದ ಹಿಡಿಯಿರಿ. ‘ಇನ್ ರಾಕ್’. ಹೊದಿಕೆಯಲ್ಲಿ ಮೌಂಟ್ ರಶ್‌ಮೋರ್ ಬೆಟ್ಟದ ಮೇಲೆ ಇವರ ಐದು ಮುಖ. ಅದಕ್ಕೆ ಮುಂಚೆ, 1969ರ ಸೆಪ್ಟೆಂಬರ್‌ನಲ್ಲಿ, ಇದೇ ಐದು ಜನ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಾಯಲ್ ಫಿಲ್ಹಾರ್ಮಾನಿಕ್ ಆರ್ಕೆಸ್ಟ್ರಾ ಜೊತೆ ಲಾರ್ಡ್ ಬರೆದ ಕನ್ಸರ್ಟೋ (ಆರ್ಕೆಸ್ಟ್ರಾಗೆ ಬರೆದ ದೀರ್ಘ ಕೃತಿ) ನುಡಿಸಿದ್ದರು. ಆರ್ಕೆಸ್ಟ್ರಾ ನಡೆಸಿದವರು ಮಾಲ್ಕಮ್ ಆರ್ನಲ್ಡ್. ಜನ ಇವರನ್ನು ಆರ್ಕೆಸ್ಟ್ರಾ ಜೊತೆ ನುಡಿಸುವ ಬ್ಯಾಂಡ್ ಅಂತ ಕರೆಯಲು ಶುರು ಮಾಡಿದರು. ಬ್ಲ್ಯಾಕ್‌ಮೋರ್‌ಗೆ ಅದು ಸಹಿಸಲಿಲ್ಲ. ‘ಇನ್ ರಾಕ್’ ಅದಕ್ಕೆ ಉತ್ತರ. ಮೊದಲ ಹಾಡು ‘ಸ್ಪೀಡ್ ಕಿಂಗ್’ ಶುರುವಾಗುವ ಮೊದಲು ಒಂದು ಭಯಂಕರ ಗದ್ದಲ ಇದೆ, ಕಿವಿ ಕಿತ್ತುಹೋಗುವಂಥದ್ದು. ಅದು ಮುಗಿಯುತ್ತಿದ್ದ ಹಾಗೆ ಲಾರ್ಡ್ ಅವರ ಶಾಂತವಾದ ಆರ್ಗನ್. ಆಮೇಲೆ ಇಡೀ ಬ್ಯಾಂಡ್ ಒಟ್ಟಿಗೆ ಬಂದು ಬೀಳುತ್ತದೆ. ಅಮೆರಿಕದಲ್ಲಿ ಮೊದಲು ಬಂದ ತಟ್ಟೆಯಲ್ಲಿ ಆ ಗದ್ದಲವನ್ನೇ ಕತ್ತರಿಸಿದ್ದರು. ಆದ್ದರಿಂದ ಯಾವ ಆವೃತ್ತಿ ಕೇಳುತ್ತಿದ್ದೀರಿ ಅಂತ ನೋಡಿಕೊಳ್ಳಿ. ಆ ಗದ್ದಲ ಇಲ್ಲದ ‘ಸ್ಪೀಡ್ ಕಿಂಗ್’ ಅರ್ಧ ಹಾಡು.

ನಾಲ್ಕುತಂತಿ:
‘ಚೈಲ್ಡ್ ಇನ್ ಟೈಮ್’ ಬಗ್ಗೆ ಯಾರೂ ಹೇಳಲಿಲ್ಲ ಇನ್ನೂ?

ಮಾರ್ಕ್‌ಎರಡು:
ಅದನ್ನು ಹೇಳಬೇಕಾಗಿಲ್ಲ ಅಂತ ಸುಮ್ನಿದ್ದೆ. ಹತ್ತು ನಿಮಿಷದ ಹಾಡು. ಗಿಲನ್ ಮೆಲ್ಲಗೆ ಶುರು ಮಾಡಿ ಕಿರುಚಾಟದವರೆಗೆ ಹೋಗುವ ರೀತಿ ಇದೆಯಲ್ಲ, ಆ ಕಾಲದ ಬೇರೆ ಯಾವ ಹಾಡುಗಾರನೂ ಹಾಗೆ ಮಾಡಿಲ್ಲ. ಅದನ್ನು ಕೇಳಿಯೇ ಅವರಿಗೆ ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’ ಆಲ್ಬಂನಲ್ಲಿ ಏಸುವಿನ ಪಾತ್ರ ಸಿಕ್ಕಿದ್ದು.

ರಿಫ್‌ರಾಣಿ:
ಆ ಹಾಡಿನ ಮೂಲ ಸ್ವರ ಇಟ್ಸ್ ಎ ಬ್ಯೂಟಿಫುಲ್ ಡೇ ಅನ್ನುವ ಅಮೆರಿಕನ್ ಬ್ಯಾಂಡಿನ ‘ಬಾಂಬೆ ಕಾಲಿಂಗ್’ನಿಂದ ಬಂದದ್ದು. ಇದನ್ನೂ ಹೇಳಿ. ‘ಬ್ಲ್ಯಾಕ್ ನೈಟ್’ ಹಾಡಿನ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಕೂಡ ರಿಕಿ ನೆಲ್ಸನ್ ಹಾಡಿದ ‘ಸಮರ್‌ಟೈಮ್’ನಿಂದ ಎತ್ತಿದ್ದು. ಇದನ್ನು ಬ್ಯಾಂಡಿನವರೇ ಮುಚ್ಚಿಟ್ಟಿಲ್ಲ.

ಮಾರ್ಕ್‌ಎರಡು:
ಎತ್ತಿದ್ದರೆ ಏನಾಯಿತು? ಎರಡನ್ನೂ ಅಕ್ಕಪಕ್ಕ ಹಾಕಿ ಕೇಳಿ. ‘ಬಾಂಬೆ ಕಾಲಿಂಗ್’ ವೇಗದ ಪಿಟೀಲು ವಾದ್ಯಸಂಗೀತ. ಇವರು ಅದನ್ನು ನಿಧಾನ ಮಾಡಿ, ಮಾತು ಸೇರಿಸಿ, ಯುದ್ಧದ ಭಯದ ಹಾಡು ಮಾಡಿದರು. ಆ ಬ್ಯಾಂಡ್ ಕೂಡ ಮುಂದಿನ ಆಲ್ಬಂನಲ್ಲಿ ಪರ್ಪಲ್‌ನ ‘ರಿಂಗ್ ದಟ್ ನೆಕ್’ ತೆಗೆದುಕೊಂಡಿತು. ಲೆಕ್ಕ ಚುಕ್ತಾ.

ರಿಫ್‌ರಾಣಿ:
ಹಾಡು ಕಡಿಮೆ ಅಂತ ನಾನೆಲ್ಲಿ ಹೇಳಿದೆ? ಮೂಲದವರ ಹೆಸರು ಬರಬೇಕು ಅಂದೆ, ಅಷ್ಟೇ.

ಎಡಗೈತಾಳ:
ಹೊಸಕಿವಿ, ನೀವು ‘ಫೈರ್‌ಬಾಲ್’ ಬಿಟ್ಟು ಹೋಗಬೇಡಿ. ‘ಇನ್ ರಾಕ್’ ಮತ್ತು ‘ಮಷೀನ್ ಹೆಡ್’ ನಡುವೆ ಸಿಕ್ಕಿಹಾಕಿಕೊಂಡ ಆಲ್ಬಂ ಅದು, ಎಲ್ಲರೂ ಹಾರಿಸಿಬಿಡುತ್ತಾರೆ. ಬ್ರಿಟನ್ನಿನಲ್ಲಿ ಇವರ ಮೊದಲ ನಂಬರ್ 1 ಆಲ್ಬಂ ಅದೇ. ಶೀರ್ಷಿಕೆ ಹಾಡಿನ ಶುರುವಿನಲ್ಲಿ ಭುರ್ರ್ ಅಂತ ಕೇಳಿಸುವುದು ಸ್ಟುಡಿಯೋದ ಏರ್ ಕಂಡಿಷನರ್ ಚಾಲೂ ಮಾಡಿದ ಸದ್ದು. ಅದರ ಹಿಂದೆಯೇ ಪೇಸ್ ನುಗ್ಗುತ್ತಾರೆ. ಸಾಮಾನ್ಯವಾಗಿ ಒಂದೇ ಬೇಸ್ ಡ್ರಮ್ ಇಟ್ಟುಕೊಳ್ಳುವ ಮನುಷ್ಯ ಈ ಹಾಡಿಗೆ ಎರಡು ಇಟ್ಟುಕೊಂಡರು. ಪೇಸ್ ಎಡಗೈಯವರು, ಅವರ ಸೆಟ್ ಪೂರ್ತಿ ತಿರುಗಿಸಿ ಇಟ್ಟಿರುತ್ತದೆ. ನಾನೂ ಎಡಗೈಯವನೇ, ಹಾಗಾಗಿ ಅವರ ವಿಡಿಯೋ ನೋಡಿ ಕಲಿಯುವುದು ನನಗೆ ಸಲೀಸು. ‘ದ ಮ್ಯೂಲ್’ ಕೇಳಿ. ಅಲ್ಲಿ ಡ್ರಮ್ಸ್ ಹಾಡಿನ ಹಿಂದೆ ಇಲ್ಲ, ಹಾಡನ್ನೇ ಎಳೆದುಕೊಂಡು ಹೋಗುತ್ತದೆ. ‘ಫೂಲ್ಸ್’ ಕೂಡ. ಎಂಟು ನಿಮಿಷ, ನಡುವೆ ಬ್ಲ್ಯಾಕ್‌ಮೋರ್ ಗಿಟಾರ್‌ನ ವಾಲ್ಯೂಮ್ ಗುಂಡಿ ತಿರುಗಿಸುತ್ತಾ ಅದನ್ನು ಚೆಲ್ಲೋ ಥರ ನುಡಿಸುತ್ತಾರೆ.

ಮಾರ್ಕ್‌ಎರಡು:
ಗಿಲನ್‌ಗೆ ‘ಫೈರ್‌ಬಾಲ್’ ತುಂಬಾ ಇಷ್ಟ, ಬ್ಲ್ಯಾಕ್‌ಮೋರ್‌ಗೆ ಇಷ್ಟವಿಲ್ಲ. ಇದೊಂದರಲ್ಲೇ ಇಬ್ಬರ ಸ್ವಭಾವ ಗೊತ್ತಾಗುತ್ತದೆ. ಅಂದ ಹಾಗೆ ಬ್ರಿಟನ್ ಆವೃತ್ತಿಯಲ್ಲಿ ‘ಡೀಮನ್ಸ್ ಐ’ ಇದೆ, ಅಮೆರಿಕದ್ದರಲ್ಲಿ ಅದರ ಜಾಗದಲ್ಲಿ ‘ಸ್ಟ್ರೇಂಜ್ ಕೈಂಡ್ ಆಫ್ ವುಮನ್’.

ಹೊಸಕಿವಿ:
ಇಷ್ಟು ಬೇಗ ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ! ‘ಮಷೀನ್ ಹೆಡ್’ ಬಗ್ಗೆ ಒಂದು ಕೇಳಬೇಕಿತ್ತು. ‘ಸ್ಮೋಕ್ ಆನ್ ದ ವಾಟರ್’ನಲ್ಲಿ ಹೇಳುವ ಬೆಂಕಿ ಬಿದ್ದ ಕಥೆ ನಿಜಾನಾ? ಹಾಡಿಗೋಸ್ಕರ ಸ್ವಲ್ಪ ಸೇರಿಸಿದ್ದಾ?

ಹಳೇತಟ್ಟೆ:
ಅಕ್ಷರಶಃ ನಿಜ. 1971ರ ಡಿಸೆಂಬರ್ 4. ಸ್ವಿಟ್ಜರ್ಲೆಂಡಿನ ಮೊಂಟ್ರೋ. ಅಲ್ಲಿನ ಕ್ಯಾಸಿನೋದಲ್ಲಿ ಅಮೆರಿಕದ ಸಂಗೀತಗಾರ ಫ್ರಾಂಕ್ ಝಾಪ್ಪಾ ಕಛೇರಿ ಮುಗಿದ ಮೇಲೆ ಇವರು ಅದೇ ಕಟ್ಟಡದಲ್ಲಿ ರೆಕಾರ್ಡ್ ಮಾಡುವುದು ಅಂತ ಇತ್ತು. ರೋಲಿಂಗ್ ಸ್ಟೋನ್ಸ್ ಅವರ ಸಂಚಾರಿ ಸ್ಟುಡಿಯೋ ಬಾಡಿಗೆಗೆ ತಂದಿದ್ದರು. ಕಛೇರಿ ನಡೆಯುತ್ತಿರುವಾಗಲೇ ಜನರ ನಡುವಿನಿಂದ ಯಾರೋ ಫ್ಲೇರ್ ಗನ್ (ಉರಿಯುವ ಸಂಕೇತ ಹಾರಿಸುವ ಪಿಸ್ತೂಲು) ಹಾರಿಸಿದರು, ಕಟ್ಟಡ ಸುಟ್ಟುಹೋಯಿತು. ಜೀವಹಾನಿ ಆಗಲಿಲ್ಲ. ಹಾಡಿನಲ್ಲಿ ಬರುವ ‘ಫಂಕಿ ಕ್ಲಾಡ್’ ಅಂದರೆ ಮೊಂಟ್ರೋ ಜಾಝ್ ಉತ್ಸವದ ಕ್ಲಾಡ್ ನಾಬ್ಸ್. ಹುಡುಗರನ್ನು ಹೊರಗೆ ಎಳೆದು ತಂದವರು ಅವರು. ಆಮೇಲೆ ಬ್ಯಾಂಡ್ ಪೆವಿಲಿಯನ್ ಅನ್ನುವ ಜಾಗಕ್ಕೆ ಹೋಯಿತು. ಅಲ್ಲಿ ರಾತ್ರಿ ‘ಸ್ಮೋಕ್’ನ ಮೂಲ ಟ್ರ್ಯಾಕ್ ನುಡಿಸಿ ಮುಗಿಸುವಷ್ಟರಲ್ಲಿ ಗದ್ದಲದ ದೂರಿಗೆ ಪೊಲೀಸರು ಬಂದರು. ಕೊನೆಗೆ ಚಳಿಗಾಲಕ್ಕೆ ಮುಚ್ಚಿದ್ದ ಗ್ರ್ಯಾಂಡ್ ಹೋಟೆಲ್‌ನ ಹಜಾರದಲ್ಲಿ ಹಾಸಿಗೆಗಳನ್ನು ಗೋಡೆಗೆ ಒರಗಿಸಿ ಉಳಿದ ಹಾಡುಗಳನ್ನು ರೆಕಾರ್ಡ್ ಮಾಡಿದರು. ಎಂಜಿನಿಯರ್ ಮಾರ್ಟಿನ್ ಬರ್ಚ್.

2024ರಲ್ಲಿ ಈ ಆಲ್ಬಂನ ಹೊಸ ಮಿಕ್ಸ್ ಬಂತು. ಮಾಡಿದವರು ಡ್ವೀಝಿಲ್ ಝಾಪ್ಪಾ, ಅದೇ ಫ್ರಾಂಕ್ ಝಾಪ್ಪಾ ಅವರ ಮಗ.

ರಿಫ್‌ರಾಣಿ:
‘ಸ್ಮೋಕ್’ನ ರಿಫ್ ನುಡಿಸುವವರಿಗೆ ಒಂದು ಮಾತು. ತೊಂಬತ್ತು ಭಾಗ ಜನ ಪಿಕ್ ಹಿಡಿದು ಪವರ್ ಕಾರ್ಡ್‌ನಲ್ಲಿ ನುಡಿಸುತ್ತಾರೆ, ಅದಕ್ಕೇ ಅದು ಸಪ್ಪೆಯಾಗಿ ಕೇಳಿಸುತ್ತದೆ. ಬ್ಲ್ಯಾಕ್‌ಮೋರ್ ಬೆರಳಿನಲ್ಲಿ ಎರಡು ತಂತಿಯನ್ನು ಒಟ್ಟಿಗೆ ಮೀಟುತ್ತಾರೆ. ಸ ಮತ್ತು ಮ ಇದ್ದಷ್ಟು ಅಂತರ. ಎರಡು ಸ್ವರವೂ ಒಂದೇ ಕ್ಷಣಕ್ಕೆ ಹೊರಡಬೇಕು. ಪಿಕ್‌ನಲ್ಲಿ ಒಂದು ಆದ ಮೇಲೆ ಇನ್ನೊಂದು ಬರುತ್ತದೆ.

ನಾಲ್ಕುತಂತಿ:
‘ಪಿಕ್ಚರ್ಸ್ ಆಫ್ ಹೋಮ್’ನಲ್ಲಿ ಗ್ಲೋವರ್ ಅವರ ಬೇಸ್ ಸೋಲೋ ಇದೆ. ಯಾರೂ ಹೇಳುವುದಿಲ್ಲ ಅಂತ ನಾನೇ ಹೇಳುತ್ತಿದ್ದೇನೆ.

ಮೌನಿ:
‘ವೆನ್ ಎ ಬ್ಲೈಂಡ್ ಮ್ಯಾನ್ ಕ್ರೈಸ್’.

ಮಾರ್ಕ್‌ಎರಡು:
ಮೌನಿ ಅವರು ಒಂದೇ ಸಾಲಿನಲ್ಲಿ ಸರಿಯಾದ್ದು ಹೇಳಿದರು. ಹೊಸಕಿವಿ, ಅದು ಅದೇ ಮೊಂಟ್ರೋದಲ್ಲಿ ರೆಕಾರ್ಡ್ ಆದ ಹಾಡು. ಬ್ಲ್ಯಾಕ್‌ಮೋರ್‌ಗೆ ಬೇಡವಾಗಿದ್ದರಿಂದ ಆಲ್ಬಂಗೆ ಬರಲಿಲ್ಲ, ‘ನೆವರ್ ಬಿಫೋರ್’ ಸಿಂಗಲ್‌ನ ಹಿಂಬದಿಗೆ ಹೋಯಿತು. 1997ರ ಇಪ್ಪತ್ತೈದನೇ ವರ್ಷದ ಆವೃತ್ತಿಯಲ್ಲಿ ಇದೆ. ಮೂರೂವರೆ ನಿಮಿಷದ ನಿಧಾನದ ಹಾಡು. ಗಿಲನ್ ಅಂದರೆ ಬರೀ ಕಿರುಚುವವರು ಅನ್ನುವವರಿಗೆ ಇದನ್ನು ಹಾಕಿ.

ಎಂಬತ್ನಾಲ್ಕು:
ಸರಿ, ಈಗ 1973 ದಾಟೋಣವಾ?

ಮಾರ್ಕ್‌ಎರಡು:
‘ಮೇಡ್ ಇನ್ ಜಪಾನ್’ ಲೈವ್ ಆಲ್ಬಂ ಹೇಳದೆ ದಾಟುವ ಹಾಗಿಲ್ಲ. 1972ರ ಆಗಸ್ಟ್ 15, 16 ಒಸಾಕಾ, 17 ಟೋಕಿಯೋ. ಏಳು ಹಾಡು, ಎರಡು ತಟ್ಟೆ. ಮೊದಲು ಜಪಾನಿಗೆ ಮಾತ್ರ ಅಂತ ಇತ್ತು, ಬ್ಯಾಂಡಿಗೆ ಅಂಥ ಆಸಕ್ತಿಯೂ ಇರಲಿಲ್ಲ. ‘ಸ್ಪೇಸ್ ಟ್ರಕಿನ್’ ಸ್ಟುಡಿಯೋದಲ್ಲಿ ನಾಲ್ಕೂವರೆ ನಿಮಿಷ, ಇಲ್ಲಿ ಹತ್ತಿರಹತ್ತಿರ ಇಪ್ಪತ್ತು ನಿಮಿಷ, ಒಂದು ಇಡೀ ಬದಿ. ‘ಸ್ಟ್ರೇಂಜ್ ಕೈಂಡ್ ಆಫ್ ವುಮನ್’ನಲ್ಲಿ ಬ್ಲ್ಯಾಕ್‌ಮೋರ್ ಗಿಟಾರ್‌ನಲ್ಲಿ ನುಡಿಸಿದ್ದನ್ನು ಗಿಲನ್ ಗಂಟಲಲ್ಲಿ ಹಿಂದಿರುಗಿಸುತ್ತಾರೆ, ಕೊನೆಗೆ ಯಾವುದು ಗಿಟಾರ್ ಯಾವುದು ಗಂಟಲು ಗೊತ್ತಾಗುವುದಿಲ್ಲ. ನಮ್ಮ ಕಛೇರಿಗಳಲ್ಲಿ ಹಾಡುಗಾರರ ಸ್ವರಕ್ಕೆ ಪಿಟೀಲಿನವರು ಜವಾಬು ಕೊಡುತ್ತಾರಲ್ಲ, ಹಾಗೆ. ಈ ಆಲ್ಬಂ ಕೇಳಿದ ಮೇಲೆ ಸ್ಟುಡಿಯೋ ಆವೃತ್ತಿಗಳು ಚಿಕ್ಕವಾಗಿ ಕಾಣುತ್ತವೆ. ನನಗೆ ಇದಕ್ಕಿಂತ ಮೇಲಿನ ರಾಕ್ ಲೈವ್ ಆಲ್ಬಂ ಇಲ್ಲ.

ಆರ್ಗನ್‌ಪ್ರೇಮಿ:
ಇದರಲ್ಲಿ ನಮ್ಮಿಬ್ಬರಿಗೂ ಜಗಳವಿಲ್ಲ.

ರಿಫ್‌ರಾಣಿ:
1973ರ ‘ಹೂ ಡು ವಿ ಥಿಂಕ್ ವಿ ಆರ್’ ಬಗ್ಗೆ ಒಂದೇ ಮಾತು. ಸುಸ್ತಾದ ಬ್ಯಾಂಡಿನ ಆಲ್ಬಂ. ಬಿಡುವಿಲ್ಲದ ಪ್ರವಾಸ, ಕಾಯಿಲೆ, ಗಿಲನ್ ಮತ್ತು ಬ್ಲ್ಯಾಕ್‌ಮೋರ್ ನಡುವೆ ಮಾತಿಲ್ಲ. ‘ವುಮನ್ ಫ್ರಮ್ ಟೋಕಿಯೋ’ ಮತ್ತು ‘ರ್‍ಯಾಟ್ ಬ್ಯಾಟ್ ಬ್ಲೂ’ ಕೇಳಿ ಮುಂದೆ ಹೋಗಿ.

ನಾಲ್ಕುತಂತಿ:
‘ಮೇರಿ ಲಾಂಗ್’ ಬಿಡಬೇಡಿ. ಆ ಕಾಲದ ಬ್ರಿಟನ್ನಿನಲ್ಲಿ ನೀತಿಪಾಠ ಹೇಳುತ್ತಿದ್ದ ಮೇರಿ ವೈಟ್‌ಹೌಸ್ ಮತ್ತು ಲಾರ್ಡ್ ಲಾಂಗ್‌ಫರ್ಡ್, ಇಬ್ಬರ ಹೆಸರನ್ನೂ ಸೇರಿಸಿ ಮಾಡಿದ ಪಾತ್ರ.

ಎಂಬತ್ನಾಲ್ಕು:
ಈಗ ‘ಬರ್ನ್’. 1974. ಕವರ್‌ಡೇಲ್ ಆಗ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ, ಯಾರಿಗೂ ಗೊತ್ತಿಲ್ಲದ ಹುಡುಗ. ಹ್ಯೂಸ್ ಟ್ರಪೀಝ್ ಬ್ಯಾಂಡಿನಿಂದ ಬಂದವರು. ಇಬ್ಬರೂ ಒಂದೇ ಹಾಡಿನಲ್ಲಿ ಹಂಚಿಕೊಂಡು ಹಾಡುತ್ತಾರೆ. ಒಬ್ಬರದು ದಪ್ಪ ಕೆಳಗಿನ ಧ್ವನಿ, ಇನ್ನೊಬ್ಬರದು ಆಕಾಶಕ್ಕೆ ಹೋಗುವಂಥದ್ದು. ಶೀರ್ಷಿಕೆ ಹಾಡಿನಲ್ಲಿ ಪೇಸ್ ಆರು ನಿಮಿಷ ಒಂದು ಕಡೆ ನಿಲ್ಲುವುದಿಲ್ಲ. ‘ಮಿಸ್ಟ್ರೀಟೆಡ್’ನಲ್ಲಿ ಮಾತ್ರ ಕವರ್‌ಡೇಲ್ ಒಬ್ಬರೇ. ಬ್ಲೂಸ್ ಹಾಡುವುದು ಅಂದರೆ ಏನು ಅಂತ ಆ ವಯಸ್ಸಿಗೇ ಗೊತ್ತಿತ್ತು ಅವರಿಗೆ. ‘ಮಷೀನ್ ಹೆಡ್’ ಇಷ್ಟಪಟ್ಟವರಿಗೆ ‘ಬರ್ನ್’ ಇಷ್ಟವಾಗದೆ ಇರಲು ಸಾಧ್ಯವೇ ಇಲ್ಲ.

ಮಾರ್ಕ್‌ಎರಡು:
‘ಬರ್ನ್’ ಒಪ್ಪುತ್ತೇನೆ. ‘ಸ್ಟಾರ್ಮ್‌ಬ್ರಿಂಗರ್’ ಒಪ್ಪಲ್ಲ. ಅದರಲ್ಲಿ ಫಂಕ್ ಮತ್ತು ಸೋಲ್ ಜಾಸ್ತಿಯಾಯಿತು. ಬ್ಲ್ಯಾಕ್‌ಮೋರ್ ಬ್ಯಾಂಡ್ ಬಿಟ್ಟಿದ್ದೇ ಅದಕ್ಕೆ.

ನಾಲ್ಕುತಂತಿ:
ಫಂಕ್ ಬಂದರೆ ತಪ್ಪೇನು? ಹ್ಯೂಸ್ ಬೇಸ್ ನುಡಿಸುವ ರೀತಿಯೇ ಹಾಗೆ. ‘ಹೋಲ್ಡ್ ಆನ್’ ಕೇಳಿ, ‘ಯು ಕಾಂಟ್ ಡು ಇಟ್ ರೈಟ್’ ಕೇಳಿ, ಕಾಲು ತಾನಾಗಿ ಆಡುತ್ತದೆ. ಹಾರ್ಡ್ ರಾಕ್ ಬ್ಯಾಂಡ್ ಅಂದರೆ ವರ್ಷವರ್ಷ ಅದೇ ‘ಹೈವೇ ಸ್ಟಾರ್’ ಬರೆಯಬೇಕಾ? ಅದೇ ಆಲ್ಬಂನ ಕೊನೆಯಲ್ಲಿ ‘ಸೋಲ್ಜರ್ ಆಫ್ ಫಾರ್ಚೂನ್’ ಇದೆ, ಅದನ್ನು ಬರೆದದ್ದು ಬ್ಲ್ಯಾಕ್‌ಮೋರ್ ಮತ್ತು ಕವರ್‌ಡೇಲ್. ಬ್ಯಾಂಡ್ ಬಿಡುವ ಮನಸ್ಸಿನಲ್ಲಿದ್ದವರು ಅಂಥ ಹಾಡು ಕೊಟ್ಟು ಹೋದರು.

ಮಾರ್ಕ್‌ಎರಡು:
ಆ ಒಂದು ಹಾಡು ಬಂಗಾರ. ಅದು ನನ್ನ ತಕರಾರಿಗೆ ಉತ್ತರ ಆಗಲ್ಲ. ಹ್ಯಾಮಂಡ್ ಎಲ್ಲಿ? ಲಾರ್ಡ್ ಎಷ್ಟೋ ಹಾಡಿನಲ್ಲಿ ಹಿಂದೆ ಸರಿದು ಕೂತಿದ್ದಾರೆ. ಗಿಟಾರ್ ಆರ್ಗನ್ ಜಗಳ ಇಲ್ಲದ ಪರ್ಪಲ್ ನನಗೆ ಪರ್ಪಲ್ ಅನ್ನಿಸುವುದಿಲ್ಲ.

ಆರ್ಗನ್‌ಪ್ರೇಮಿ:
ಅದು ಸರಿಯಾದ ತಕರಾರು. ಆದರೆ ಅದೇ ಕಾರಣಕ್ಕೆ 1975ರ ‘ಕಮ್ ಟೇಸ್ಟ್ ದ ಬ್ಯಾಂಡ್’ ಬಿಡಬೇಡಿ. ಟಾಮಿ ಬೋಲಿನ್ ಬ್ಲ್ಯಾಕ್‌ಮೋರ್ ಥರ ನುಡಿಸಲು ಪ್ರಯತ್ನವನ್ನೇ ಮಾಡಲಿಲ್ಲ. ಅವರು ಬಿಲ್ಲಿ ಕೋಬಮ್ ಅವರ ‘ಸ್ಪೆಕ್ಟ್ರಮ್’ ಜಾಝ್ ಆಲ್ಬಂನಲ್ಲಿ ನುಡಿಸಿದ್ದವರು, ಕೈ ಬೇರೆಯೇ. ಮ್ಯೂನಿಕ್‌ನಲ್ಲಿ ರೆಕಾರ್ಡ್ ಆದದ್ದು. ‘ಗೆಟಿನ್ ಟೈಟರ್’ ಮತ್ತು ‘ಯು ಕೀಪ್ ಆನ್ ಮೂವಿಂಗ್’ ಎರಡನ್ನು ಕೇಳಿ ಆಮೇಲೆ ಮಾತಾಡಿ. ಪರ್ಪಲ್ ಹೆಸರಿಲ್ಲದೆ ಬಂದಿದ್ದರೆ ಎಲ್ಲರೂ ತಲೆ ಮೇಲೆ ಹೊತ್ತುಕೊಳ್ಳುತ್ತಿದ್ದರು. ಬ್ಯಾಂಡ್ 1976ರ ಮಾರ್ಚ್‌ನಲ್ಲಿ ನಿಂತಿತು. ಅದೇ ವರ್ಷ ಡಿಸೆಂಬರ್ 4ರಂದು ಬೋಲಿನ್ ಡ್ರಗ್ಸ್‌ನಿಂದ ತೀರಿಕೊಂಡರು. 25 ವರ್ಷ.

ಎಡಗೈತಾಳ:
ಮೊಂಟ್ರೋ ಬೆಂಕಿಯ ದಿನವೇ. ಐದು ವರ್ಷಕ್ಕೆ ಸರಿಯಾಗಿ.

ಹೊಸಕಿವಿ:
ಗಿಲನ್ ಆ ನಡುವೆ ಎಲ್ಲಿದ್ದರು?

ಹಳೇತಟ್ಟೆ:
ಸ್ವಂತ ಬ್ಯಾಂಡ್ ನಡೆಸಿದರು, 1983ರಲ್ಲಿ ಬ್ಲ್ಯಾಕ್ ಸಬ್ಬತ್ ಜೊತೆ ‘ಬಾರ್ನ್ ಅಗೇನ್’ ಹಾಡಿದರು. ಗ್ಲೋವರ್ ರೇನ್‌ಬೋದಲ್ಲಿ ಬ್ಲ್ಯಾಕ್‌ಮೋರ್ ಜೊತೆಗಿದ್ದರು. ಕವರ್‌ಡೇಲ್ ವೈಟ್‌ಸ್ನೇಕ್ ಕಟ್ಟಿದರು, ಲಾರ್ಡ್ ಮತ್ತು ಪೇಸ್ ಇಬ್ಬರೂ ಕೆಲವು ವರ್ಷ ಅಲ್ಲಿ ನುಡಿಸಿದರು. ಒಂದು ಕುಟುಂಬ ಮೂರು ಮನೆ ಮಾಡಿಕೊಂಡಿತ್ತು.

ರಿಫ್‌ರಾಣಿ:
ರೇನ್‌ಬೋ ಶುರು ಮಾಡಿದರೆ ಈ ಚರ್ಚೆ ಇವತ್ತು ಮುಗಿಯಲ್ಲ. ಬೇರೆ ಚರ್ಚೆ ತೆರೆಯಿರಿ, ಅದರ ಹಾಡುಗಾರ ಡಿಯೋ ಬಗ್ಗೆ ನನಗೆ ಹೇಳುವುದು ಬಹಳ ಇದೆ.

ಎಂಬತ್ನಾಲ್ಕು:
ಕೊನೆಗೂ ನನ್ನ ವರ್ಷ ಬಂತು. ‘ಪರ್ಫೆಕ್ಟ್ ಸ್ಟ್ರೇಂಜರ್ಸ್’, 1984. ಹಳೇ ಬ್ಯಾಂಡ್‌ಗಳು ಮತ್ತೆ ಸೇರಿದಾಗ ಸಾಮಾನ್ಯವಾಗಿ ಹಳೇ ಹಾಡಿನ ನೆರಳು ಸಿಗುತ್ತದೆ. ಇಲ್ಲಿ ಹಾಗಾಗಲಿಲ್ಲ. ‘ನಾಕಿಂಗ್ ಅಟ್ ಯುವರ್ ಬ್ಯಾಕ್ ಡೋರ್’ ಶುರುವಾಗುವಾಗ ಲಾರ್ಡ್ ನಿಧಾನಕ್ಕೆ ಕಟ್ಟುತ್ತಾ ಬರುವ ಮೋಡದಂಥ ಸದ್ದು, ಆಮೇಲೆ ಗ್ಲೋವರ್ ಬೇಸ್, ಆಮೇಲೆ ರಿಫ್. ಶೀರ್ಷಿಕೆ ಹಾಡನ್ನು ಹ್ಯಾಮಂಡ್ ಒಬ್ಬಂಟಿಯಾಗಿ ಶುರು ಮಾಡುತ್ತದೆ. ಗಮನಿಸಿ, ಆ ಹಾಡಿನಲ್ಲಿ ಗಿಟಾರ್ ಸೋಲೋ ಇಲ್ಲ. ಬ್ಲ್ಯಾಕ್‌ಮೋರ್ ಇದ್ದ ಬ್ಯಾಂಡಿನ ಅತಿ ದೊಡ್ಡ ಹಾಡುಗಳಲ್ಲಿ ಒಂದಕ್ಕೆ ಸೋಲೋ ಇಲ್ಲ! ಮಾರ್ಕ್‌ಎರಡು ಅವರೇ, ನೀವು ಕೇಳುವ ಆ ಆರ್ಗನ್ ಗಿಟಾರ್ ಜಗಳ ಇಲ್ಲಿ ಪೂರ್ತಿ ಇದೆ, ಅದೇ ಐದು ಜನ. ಆದರೂ ನಿಮ್ಮ ಪಟ್ಟಿಯಲ್ಲಿ ಇದು ಯಾಕಿಲ್ಲ?

ಮಾರ್ಕ್‌ಎರಡು:
ಡ್ರಮ್ಸ್ ಸದ್ದು ಎಂಬತ್ತರ ದಶಕದ್ದು, ಗೋಡೆಗೆ ಹೊಡೆದ ಹಾಗಿದೆ. ಹಾಡುಗಳು ಚೆನ್ನಾಗಿವೆ, ಇಲ್ಲ ಅನ್ನಲ್ಲ.

ಎಡಗೈತಾಳ:
ಡ್ರಮ್ಸ್ ಬಗ್ಗೆ ನಾನು ಹೇಳಬೇಕು. ಸದ್ದು ದೊಡ್ಡದು, ನಿಜ. ಆದರೆ ಪೇಸ್ ನುಡಿಸಿದ್ದು ಕಡಿಮೆ ಮಾಡಿಕೊಂಡು. ಶೀರ್ಷಿಕೆ ಹಾಡಿನಲ್ಲಿ ಅವರು ಬಿಟ್ಟ ಜಾಗಗಳೇ ಆ ಹಾಡಿನ ತೂಕ.

ಎಂಬತ್ನಾಲ್ಕು:
ಅದೇ ಅದೇ.

ರಿಫ್‌ರಾಣಿ:
ಅದರ ನಂತರದ ಹತ್ತು ವರ್ಷ ಬೇಗ ದಾಟಬಹುದು. ‘ಹೌಸ್ ಆಫ್ ಬ್ಲೂ ಲೈಟ್’ 1987, ಅರ್ಧ ಒಳ್ಳೆಯದು. ‘ಸ್ಲೇವ್ಸ್ ಅಂಡ್ ಮಾಸ್ಟರ್ಸ್’ 1990, ಗಿಲನ್ ಬದಲು ಜೋ ಲಿನ್ ಟರ್ನರ್. ಅವರು ರೇನ್‌ಬೋದವರು, ಆಲ್ಬಂ ಕೂಡ ರೇನ್‌ಬೋ ಥರವೇ ಇದೆ. ‘ಕಿಂಗ್ ಆಫ್ ಡ್ರೀಮ್ಸ್’ ಒಂದು ಕೇಳಿ. ‘ದ ಬ್ಯಾಟಲ್ ರೇಜಸ್ ಆನ್’ 1993, ಗಿಲನ್ ವಾಪಸ್. ಅದರಲ್ಲಿ ‘ಅನ್ಯಾ’ ಅದ್ಭುತ. ಅದೇ ವರ್ಷ ನವೆಂಬರ್‌ನಲ್ಲಿ ಪ್ರವಾಸದ ಮಧ್ಯದಲ್ಲೇ ಬ್ಲ್ಯಾಕ್‌ಮೋರ್ ಹೊರಟುಹೋದರು. ಈ ಸಲ ವಾಪಸ್ ಬರಲಿಲ್ಲ. ಉಳಿದ ಕಛೇರಿಗಳಿಗೆ ಜೋ ಸ್ಯಾಟ್ರಿಯಾನಿ ಬಂದು ಕೈ ಹಿಡಿದರು.

ಹೊಸಕಿವಿ:
ಬ್ಲ್ಯಾಕ್‌ಮೋರ್ ಇಲ್ಲದ ಮೇಲೆ ಕೇಳುವುದಕ್ಕೆ ಏನಿದೆ ಅಂತ ಒಬ್ಬ ಗೆಳೆಯ ಹೇಳಿದ. ಅಲ್ಲಿಗೆ ನಿಲ್ಲಿಸಬಹುದಾ?

ನಾಲ್ಕುತಂತಿ:
ದಯವಿಟ್ಟು ನಿಲ್ಲಿಸಬೇಡಿ. ‘ಪರ್ಪೆಂಡಿಕ್ಯುಲರ್’ ಕೇಳದೆ ನಿಲ್ಲಿಸಿದರೆ ನಷ್ಟ ನಿಮಗೇ. 1996, ಸ್ಟೀವ್ ಮೋರ್ಸ್ ಗಿಟಾರ್. ಬ್ಲ್ಯಾಕ್‌ಮೋರ್ ಕೋಪದಲ್ಲಿ ಹೋದ ಮನೆಯಲ್ಲಿ ಕಿಟಕಿ ತೆಗೆದ ಹಾಗೆ ಎಲ್ಲರೂ ನಗುತ್ತಾ ನುಡಿಸಿದ್ದು ಕೇಳಿಸುತ್ತದೆ. ‘ಸಮ್‌ಟೈಮ್ಸ್ ಐ ಫೀಲ್ ಲೈಕ್ ಸ್ಕ್ರೀಮಿಂಗ್’ನ ಆ ಮೀಟು, ಆಮೇಲೆ ಏರಿ ಬರುವ ರಾಗ. ನನ್ನ ಪಾಲಿಗೆ ಅದು ‘ಚೈಲ್ಡ್ ಇನ್ ಟೈಮ್’ ಪಕ್ಕದಲ್ಲಿ ಕೂರುವ ಹಾಡು. ‘ಲೂಸನ್ ಮೈ ಸ್ಟ್ರಿಂಗ್ಸ್’, ‘ದ ಏವಿಯೇಟರ್’ ಕೂಡ ಕೇಳಿ.

ಮಾರ್ಕ್‌ಎರಡು:
‘ಚೈಲ್ಡ್ ಇನ್ ಟೈಮ್’ ಪಕ್ಕ ಅನ್ನುವುದು ಸ್ವಲ್ಪ ಜಾಸ್ತಿ ಆಯಿತು.

ನಾಲ್ಕುತಂತಿ:
ಯಾಕೆ? ಹೊಸದು ಅನ್ನುವುದೊಂದೇ ಕಾರಣ ಅಲ್ವಾ? ಮೋರ್ಸ್ 1994ರಿಂದ 2022ರವರೆಗೆ ಇದ್ದರು. ಬ್ಲ್ಯಾಕ್‌ಮೋರ್ ಎರಡೂ ಸಲ ಸೇರಿ ಇದ್ದದ್ದಕ್ಕಿಂತ ಹೆಚ್ಚು ವರ್ಷ. ಅದನ್ನು ‘ಉಳಿದದ್ದು’ ಅನ್ನುವುದು ನ್ಯಾಯ ಅಲ್ಲ.

ಮಾರ್ಕ್‌ಎರಡು:
ವರ್ಷದ ಲೆಕ್ಕದಲ್ಲಿ ಹಾಡು ಅಳೆಯಬೇಡಿ. ಮೋರ್ಸ್ ಕೈ ಬ್ಲ್ಯಾಕ್‌ಮೋರ್‌ಗಿಂತ ಚುರುಕು, ನಾನೂ ಬಲ್ಲೆ. ನನಗೆ ಸಿಗದೆ ಇರುವುದು ಆ ಅಪಾಯ. ಬ್ಲ್ಯಾಕ್‌ಮೋರ್ ಮುಂದಿನ ಕ್ಷಣ ಏನು ಮಾಡುತ್ತಾರೆ ಅಂತ ಜೊತೆಯಲ್ಲಿ ನುಡಿಸುವವರಿಗೂ ಗೊತ್ತಿರುತ್ತಿರಲಿಲ್ಲ. ‘ಮೇಡ್ ಇನ್ ಜಪಾನ್’ನಲ್ಲಿ ಪೇಸ್ ಬ್ಲ್ಯಾಕ್‌ಮೋರ್ ಅವರನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿರುವುದು ಕಿವಿಗೆ ಗೊತ್ತಾಗುತ್ತದೆ.

ಹಳೇತಟ್ಟೆ:
ನಮ್ಮ ದೇಶದ ಓದುಗರಿಗೆ ಒಂದು ವಿಷಯ. ಗಗನಯಾತ್ರಿ ಕಲ್ಪನಾ ಚಾವ್ಲಾ ಈ ಬ್ಯಾಂಡಿನ ದೊಡ್ಡ ಅಭಿಮಾನಿ. 2003ರಲ್ಲಿ ಕೊಲಂಬಿಯಾ ನೌಕೆಯಲ್ಲಿ ಹೋಗುವಾಗ ‘ಮಷೀನ್ ಹೆಡ್’ ಮತ್ತು ‘ಪರ್ಪೆಂಡಿಕ್ಯುಲರ್’ ಸಿಡಿ ಜೊತೆಗೆ ಒಯ್ದಿದ್ದರು. ಬ್ಯಾಂಡಿನವರ ಜೊತೆ ಅಲ್ಲಿಂದ ಇಮೇಲ್ ಕೂಡ ಮಾಡಿದ್ದರು. ಫೆಬ್ರವರಿ 1ರಂದು ನೌಕೆ ಒಡೆದು ಎಲ್ಲರೂ ತೀರಿಕೊಂಡರು. ಆ ವರ್ಷದ ‘ಬನಾನಾಸ್’ ಆಲ್ಬಂ ‘ಕಾಂಟ್ಯಾಕ್ಟ್ ಲಾಸ್ಟ್’ ಅನ್ನುವ ಪುಟ್ಟ ಗಿಟಾರ್ ವಾದ್ಯಸಂಗೀತದಿಂದ ಮುಗಿಯುತ್ತದೆ. ಮೋರ್ಸ್ ಅದನ್ನು ಬರೆದದ್ದು ಆ ಸುದ್ದಿ ಕೇಳಿ. ಒಂದೂವರೆ ನಿಮಿಷ ಕೂಡ ಇಲ್ಲ. ಅದಕ್ಕೋಸ್ಕರವಾದರೂ ಆ ಆಲ್ಬಂ ತೆಗೆಯಿರಿ.

ರಿಫ್‌ರಾಣಿ:
ಇದು ನನಗೆ ಗೊತ್ತೇ ಇರಲಿಲ್ಲ. ಈಗಲೇ ಹಾಕಿದೆ.

ಮೌನಿ:
ನಾನೂ.

ಆರ್ಗನ್‌ಪ್ರೇಮಿ:
ಲಾರ್ಡ್ 2002ರಲ್ಲಿ ಬ್ಯಾಂಡ್ ಬಿಟ್ಟರು, ಅವರ ಜಾಗಕ್ಕೆ ಡಾನ್ ಏರಿ. 2012ರ ಜುಲೈ 16ರಂದು ಲಾರ್ಡ್ ಹೋದರು. ಮುಂದಿನ ವರ್ಷ ಬಂದ ‘ನೌ ವಾಟ್?!’ ಅವರಿಗೆ ಅರ್ಪಿಸಿದ ಆಲ್ಬಂ, ನಿರ್ಮಾಪಕ ಬಾಬ್ ಎಝ್ರಿನ್. ‘ಅಬೌವ್ ಅಂಡ್ ಬಿಯಾಂಡ್’ ಮತ್ತು ‘ಅನ್‌ಕಾಮನ್ ಮ್ಯಾನ್’ ಲಾರ್ಡ್ ನೆನಪಿಗೆ. ಏರಿ ಅಲ್ಲಿ ಲಾರ್ಡ್ ಅವರ ನಕಲು ಮಾಡುವುದಿಲ್ಲ, ಆದರೆ ಹ್ಯಾಮಂಡ್ ಮತ್ತೆ ಮುಂದೆ ಬರುತ್ತದೆ, ಗಿಟಾರ್ ಜೊತೆ ಸಮನಾಗಿ ನಿಂತು ವಾದ ಮಾಡುತ್ತದೆ. ಇಷ್ಟು ವರ್ಷದ ಮೇಲೆ ಬ್ಯಾಂಡ್ ತನ್ನ ಗುರುತನ್ನು ಹೀಗೆ ಹಿಡಿದುಕೊಂಡದ್ದು ನನಗೆ ದೊಡ್ಡದು ಅನ್ನಿಸುತ್ತದೆ. ಮಾರ್ಕ್‌ಎರಡು ಅವರೇ, ಬೇರೆ ಯಾವುದೂ ಬೇಡ, ‘ಅನ್‌ಕಾಮನ್ ಮ್ಯಾನ್’ ಒಂದನ್ನು ಹೆಡ್‌ಫೋನ್ ಹಾಕಿ ಕೇಳಿ. ಶುರುವಿನ ಗಿಟಾರ್ ಮತ್ತು ಆರ್ಗನ್ ಮಾತುಕತೆಗೆ ಅವಸರ ಮಾಡಬೇಡಿ.

ಎಂಬತ್ನಾಲ್ಕು:
ಅದೇ ಸಾಲಿನಲ್ಲಿ 2017ರ ‘ಇನ್ಫಿನಿಟ್’ನಿಂದ ‘ದ ಸರ್ಪ್ರೈಸಿಂಗ್’, 2020ರ ‘ವೂಶ್!’ನಿಂದ ‘ನಥಿಂಗ್ ಅಟ್ ಆಲ್’. ‘ವೂಶ್!’ನಲ್ಲಿ 1968ರ ಮೊದಲ ಆಲ್ಬಂನ ಮೊದಲ ಟ್ರ್ಯಾಕ್ ‘ಅಂಡ್ ದ ಅಡ್ರೆಸ್’ ಮತ್ತೆ ನುಡಿಸಿದ್ದಾರೆ. ಎರಡರಲ್ಲೂ ಇರುವವರು ಪೇಸ್ ಒಬ್ಬರೇ.

ಎಡಗೈತಾಳ:
ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ. ನಡುವೆ 52 ವರ್ಷ ಇದೆ ಅಂತ ಡ್ರಮ್ಸ್ ಹೇಳುವುದಿಲ್ಲ.

ಹೊಸಕಿವಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ‘ಇನ್ ರಾಕ್’ ಆಗಲೇ ಓಡುತ್ತಿದೆ, ಆ ಗದ್ದಲ ಇರುವ ಆವೃತ್ತಿಯೇ. ‘ಮೇಡ್ ಇನ್ ಜಪಾನ್’ ಹುಡುಕಿದರೆ ನಾಲ್ಕೈದು ಥರ ಬರುತ್ತಿದೆ. ಯಾವುದು ತೆಗೆಯಲಿ?

ಮಾರ್ಕ್‌ಎರಡು:
ಮೊದಲ ಸಲ ಮೂಲ ಏಳು ಹಾಡಿನದ್ದೇ. ಅದರ ಸಾಲು ಕಿವಿಯಲ್ಲಿ ಕೂರಬೇಕು. ಇಷ್ಟವಾದರೆ 1993ರ ‘ಲೈವ್ ಇನ್ ಜಪಾನ್’, ಮೂರು ಸಿಡಿ, ಮೂರೂ ರಾತ್ರಿಯ ಬಹುಪಾಲು ಅದರಲ್ಲಿದೆ. ಒಂದೇ ಹಾಡನ್ನು ಬೇರೆಬೇರೆ ರಾತ್ರಿ ಹೇಗೆ ನುಡಿಸಿದರು ಅಂತ ಹೋಲಿಸಬಹುದು. 2025ರಲ್ಲಿ ಸ್ಟೀವನ್ ವಿಲ್ಸನ್ ಮಾಡಿದ ಹೊಸ ಮಿಕ್ಸ್ ಬಂದಿದೆ, ಅದನ್ನು ಆಮೇಲೆ ನೋಡಿ.

ಹಳೇತಟ್ಟೆ:
ಮೂಲದಲ್ಲಿ 15ನೇ ತಾರೀಖಿನಿಂದ ತೆಗೆದದ್ದು ‘ಸ್ಮೋಕ್’ ಒಂದೇ. ‘ದ ಮ್ಯೂಲ್’ ಮತ್ತು ‘ಲೇಝಿ’ ಟೋಕಿಯೋದ್ದು. ಉಳಿದ ನಾಲ್ಕೂ 16ರ ಒಸಾಕಾ.

ನಾಲ್ಕುತಂತಿ:
17ರ ಟೋಕಿಯೋ ಕಛೇರಿಯಲ್ಲೇ ಹುಮ್ಮಸ್ಸು ಜಾಸ್ತಿ ಅಂತ ನನ್ನ ಅಭಿಪ್ರಾಯ. 16ನ್ನು ಆರಿಸಿದ್ದು ಸದ್ದು ಚೊಕ್ಕ ಇದ್ದಿದ್ದಕ್ಕೆ.

ಮಾರ್ಕ್‌ಎರಡು:
16ರ ‘ಚೈಲ್ಡ್ ಇನ್ ಟೈಮ್’ ಕೇಳಿದ ಮೇಲೂ ಹಾಗೆ ಅನ್ನುತ್ತೀರಾ? ಗಿಲನ್ ಧ್ವನಿ ಆ ರಾತ್ರಿ ಇದ್ದಷ್ಟು ಬಲವಾಗಿ ಮತ್ತೆಲ್ಲಿ ಇದೆ ತೋರಿಸಿ.

ನಾಲ್ಕುತಂತಿ:
ಧ್ವನಿಗೆ 16, ಒಪ್ಪಿದೆ. ಬ್ಯಾಂಡಿಗೆ 17. ಟೋಕಿಯೋದ ‘ಲೇಝಿ’ಯನ್ನೇ ಅವರು ಮೂಲಕ್ಕೂ ಆರಿಸಿಕೊಂಡರಲ್ಲ.